ಮಂಗಳೂರಿಗೆ ಬಂದ ಮಿಷನ್ನೇ ಅಸಾಂಟೆ ನಾಡಿಗೂ ಹೋಗಿತ್ತು: ಕುಮಾಸಿಯ ಪ್ರೆಸ್ಬಿಟೇರಿಯನ್ ಸಭೆ ಬೆಳೆದ ಬಗೆ

ಬಲ್ಮಠದ ಓದುಗ:

ಎಲ್ಲರಿಗೂ ನಮಸ್ಕಾರ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಎಂದರೆ ನಮ್ಮ ಕಡೆ ಹೆಂಚಿನ ಕಾರ್ಖಾನೆ, ಅಚ್ಚುಕೂಟ, 1843ರ ಮಂಗಳೂರ ಸಮಾಚಾರ, ಕಿಟೆಲ್ ನಿಘಂಟು, ಇಷ್ಟರಲ್ಲಿ ಮಾತು ಮುಗಿದುಹೋಗುತ್ತದೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬರುವುದಕ್ಕೆ ಆರು ವರ್ಷ ಮೊದಲೇ ಅದೇ ಸಂಸ್ಥೆ ನಾಲ್ಕು ಜನರನ್ನು ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾಕ್ಕೆ ಕಳುಹಿಸಿತ್ತು. ಜ್ವರಕ್ಕೆ ಸಿಕ್ಕಿ ಮೂವರು ವರ್ಷ ತುಂಬುವ ಮೊದಲೇ ತೀರಿಕೊಂಡರು. ನಾಲ್ಕನೆಯವರು 1831ರಲ್ಲಿ ತೀರಿಕೊಂಡರು. 1832ರಲ್ಲಿ ಮತ್ತೆ ಮೂವರು ಹೋದಾಗ ಬದುಕಿ ಉಳಿದದ್ದು ಆಂಡ್ರಿಯಾಸ್ ರೀಸ್ ಒಬ್ಬರೇ. ಅವರು 1835ರಲ್ಲಿ ಕರಾವಳಿಯನ್ನು ಬಿಟ್ಟು ಗುಡ್ಡದ ಮೇಲಿನ ಅಕ್ರೊಪಾಂಗ್ ಊರಿಗೆ ಏರಿದರು, 1839ರ ಕೊನೆಗೆ ಅಸಾಂಟೆ ಅರಸರ ರಾಜಧಾನಿಯಾದ ಕುಮಾಸಿಯನ್ನೂ ನೋಡಿ ಬಂದರು. ಆದರೆ ಕುಮಾಸಿಯಲ್ಲಿ ಮಿಷನ್ನಿನ ಠಾಣೆ ಸ್ಥಾಪನೆಯಾದದ್ದು 1896ರಲ್ಲಿ.

ನನ್ನನ್ನು ಕಾಡುವುದು ಈ ಐವತ್ತಾರು ವರ್ಷಗಳ ಅಂತರ. ಅಕ್ರೊಪಾಂಗಿನಲ್ಲಿ, ಒಸುವಿನಲ್ಲಿ, ಕ್ವಾಹುವಿನಲ್ಲಿ ಕ್ರೈಸ್ತ ಸಭೆಗಳು ನೆಲೆಗೊಂಡು, ಶಾಲೆಗಳು ತೆರೆದು, ಟ್ವಿ ಭಾಷೆಯಲ್ಲಿ 1871ರಲ್ಲಿ ಇಡೀ ಸತ್ಯವೇದ (ಬೈಬಲ್) ಅಚ್ಚಾಗಿ ಬಂದ ಮೇಲೂ, ಅದೇ ಭಾಷೆಯನ್ನು ಆಡುವ ಅಸಾಂಟೆ ನಾಡು ಮಾತ್ರ ಏಕೆ ಬಾಗಿಲು ತೆರೆಯಲಿಲ್ಲ? ತೆರೆದ ಮೇಲೆ, ಇಂದು ಪ್ರೆಸ್ಬಿಟೇರಿಯನ್ ಎನಿಸಿಕೊಂಡ ಅಲ್ಲಿನ ಸಭೆ ಇಷ್ಟು ದೊಡ್ಡದಾಗಿ ಬೆಳೆದದ್ದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಧಾರವಾಡದ ಇತಿಹಾಸ ಮೇಷ್ಟ್ರು:

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ, ಸರ್. ಮೊದಲನೆಯದಕ್ಕೆ ಉತ್ತರ ಅಸಾಂಟೆ ರಾಜ್ಯದ ಸ್ವರೂಪದಲ್ಲೇ ಇದೆ. ಅಕ್ರೊಪಾಂಗಿನಂಥ ಸಣ್ಣ ಸಂಸ್ಥಾನಗಳಿಗೆ ಮಿಷನರಿಗಳು ಬೇಕಾಗಿದ್ದರು. ಶಾಲೆ, ಕರಾವಳಿಯ ಸಂಪರ್ಕ, ಒಂದಿಷ್ಟು ರಕ್ಷಣೆ, ಇವು ಅವರ ಜೊತೆಯಲ್ಲೇ ಬರುತ್ತಿದ್ದವು. ಅಸಾಂಟೆ ಹಾಗಲ್ಲ. ಅದು ಸುಸಜ್ಜಿತ ಸೈನ್ಯ, ದೂತರ ವ್ಯವಸ್ಥೆ, ಚಿನ್ನದ ವ್ಯಾಪಾರ ಇದ್ದ ದೊಡ್ಡ ರಾಜ್ಯ. ಅರಸರ ಪೂರ್ವಿಕರ ಪೀಠಗಳಿಗೆ ಸಲ್ಲುವ ಪೂಜೆ ಮತ್ತು ರಾಜ್ಯಾಡಳಿತ ಎರಡೂ ಒಂದೇ ಹಗ್ಗದ ಎಳೆಗಳು. ತಮ್ಮ ಪ್ರಜೆಗಳಿಗೆ ಬೇರೊಂದು ನಿಷ್ಠೆಯನ್ನು ಕಲಿಸುವವರನ್ನು ಒಳಗೆ ಬಿಟ್ಟುಕೊಂಡರೆ ಆಗುವುದೇನು ಎಂಬುದು ಆ ಅರಸರಿಗೆ ಬಹಳ ಚೆನ್ನಾಗಿ ಗೊತ್ತಿತ್ತು. ಅದನ್ನು ಅಜ್ಞಾನ ಎಂದು ಬರೆಯುವ ಹಳೆಯ ಮಿಷನ್ ವರದಿಗಳನ್ನು ನಾನು ಒಪ್ಪುವುದಿಲ್ಲ.

ಅಸಾಂಟೆ ನಾಡಿನ ಸಭೆಯ ಕಥೆ ಸೆರೆಯಿಂದಲೇ ಶುರುವಾಗುತ್ತದೆ. 1869ರ ಜೂನಿನಲ್ಲಿ, ಅಸಾಂಟೆ ದಂಡು ವೋಲ್ಟಾ ನದಿಯ ಆಚೆಗೆ ದಂಡೆತ್ತಿ ಹೋಗಿದ್ದಾಗ, ಅನುಮ್ ಎಂಬ ಊರಿನ ಮಿಷನ್ ಮನೆಯಲ್ಲಿದ್ದ ಸ್ವಿಸ್ ಮಿಷನರಿ ಫ್ರಿಟ್ಸ್ ರಾಮ್‌ಸೆಯರ್, ಅವರ ಪತ್ನಿ ರೋಜಾ, ಅವರ ಹಸುಗೂಸು ಮತ್ತು ಜೊತೆಗಾರ ಯೋಹಾನ್ನೆಸ್ ಕ್ಯೂನೆ ದಂಡನಾಯಕ ಅದು ಬೊಫೊನ ಕೈಗೆ ಸಿಕ್ಕಿದರು. ಕಾಡುದಾರಿಯಲ್ಲಿ ಕಾಲ್ನಡಿಗೆಯಲ್ಲಿ ಅವರನ್ನು ಒಳನಾಡಿಗೆ ನಡೆಸಲಾಯಿತು. ಹಾಲಿಲ್ಲದೆ, ಸರಿಯಾದ ಆಹಾರವಿಲ್ಲದೆ ಮಗು ದಾರಿಯಲ್ಲೇ ಸತ್ತುಹೋಯಿತು. ಅರಸ ಕೋಫಿ ಕರಿಕರಿಯ ಕಾಲದಲ್ಲಿ ಅವರು ನಾಲ್ಕೂವರೆ ವರ್ಷ ಸೆರೆಯಾಳುಗಳಾಗಿದ್ದರು. 1874ರ ಜನವರಿಯಲ್ಲಿ, ವೂಲ್ಸ್‌ಲಿಯ ಬ್ರಿಟಿಷ್ ಸೈನ್ಯ ಕುಮಾಸಿಯತ್ತ ಬರುತ್ತಿದ್ದಾಗ, ಬಿಡುಗಡೆಯಾಯಿತು. ಫೆಬ್ರುವರಿಯಲ್ಲಿ ಬ್ರಿಟಿಷರು ಕುಮಾಸಿಯನ್ನು ಸುಟ್ಟರು. ಆ ದಂಪತಿ ಊರಿಗೆ ಹೋಗಿ ನೆಮ್ಮದಿಯಾಗಿ ಇರಬಹುದಿತ್ತು. ಆದರೆ 1876ರಲ್ಲಿ ಕ್ವಾಹು ಬೆಟ್ಟಸೀಮೆಯ ಅಬೆಟಿಫಿಯಲ್ಲಿ, ಅಸಾಂಟೆಯ ಅಂಚಿನಲ್ಲೇ, ಠಾಣೆ ಹೂಡಿ ಇಪ್ಪತ್ತು ವರ್ಷ ಕಾದು ಕುಳಿತರು. 1896ರ ಜನವರಿಯಲ್ಲಿ ಬ್ರಿಟಿಷರು ಅರಸ ಪ್ರೆಂಪೆಯನ್ನು ಸೆರೆಹಿಡಿದರು. ಅದೇ ವರ್ಷ ರಾಮ್‌ಸೆಯರ್ ಕುಮಾಸಿಗೆ ಬಂದು ನೆಲೆಸಿದರು.

ಈ ಕಾಲಕ್ರಮವನ್ನು ಸುಮ್ಮನೆ ದಾಟಿ ಹೋಗುವಂತಿಲ್ಲ. ಸಭೆ ಕುಮಾಸಿಯನ್ನು ಹೊಕ್ಕದ್ದು ಸೈನ್ಯದ ಹಿಂದೆಯೇ. ಅರಸನನ್ನು ಮೊದಲು ಎಲ್ಮಿನಾ ಕೋಟೆಗೆ, ಆಮೇಲೆ ಸಿಯೆರಾ ಲಿಯೋನಿಗೆ, ಕೊನೆಗೆ ಸೆಷೆಲ್ಸ್ ದ್ವೀಪಗಳಿಗೆ ಗಡೀಪಾರು ಮಾಡಿದ ಸರ್ಕಾರದ ನೆರಳಲ್ಲೇ ಮಿಷನ್ನಿಗೆ ಜಾಗ ಸಿಕ್ಕಿತು. ಹಾಗಾಗಿಯೇ 1900ರಲ್ಲಿ ರಾಜ್ಯಪಾಲ ಹಾಡ್ಜ್‌ಸನ್ ಅಸಾಂಟೆ ರಾಜ್ಯದ ಪವಿತ್ರ ಗುರುತಾದ ಚಿನ್ನದ ಪೀಠವನ್ನೇ ಕೇಳಿದಾಗ, ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ಮುಂದಾಗಿ ನಾಡು ಎದ್ದು ನಿಂತಾಗ, ಮಿಷನ್ನಿನ ಕಟ್ಟಡಗಳೂ ಉಳಿಯಲಿಲ್ಲ. ರಾಮ್‌ಸೆಯರ್ ದಂಪತಿ ಮತ್ತೆ ಒಮ್ಮೆ ಕುಮಾಸಿಯೊಳಗೆ ಸಿಕ್ಕಿಬಿದ್ದರು, ಈ ಸಲ ಬ್ರಿಟಿಷರ ಕೋಟೆಯಲ್ಲಿ. ಜೂನಿನಲ್ಲಿ ರಾಜ್ಯಪಾಲರ ತುಕಡಿಯೊಂದಿಗೆ ಮುತ್ತಿಗೆ ಸೀಳಿಕೊಂಡು ಹೊರಬಂದರು. ಆ ಮೇಲೂ ಹಿಂತಿರುಗಿ ಬಂದು, ಸುಟ್ಟ ನೆಲದ ಮೇಲೆ ಮತ್ತೆ ಕಟ್ಟಿ, 1908ರವರೆಗೆ ದುಡಿದರು. ಅವರ ಹಟವನ್ನು ನಾನು ಗೌರವಿಸುತ್ತೇನೆ, ಅವರು ಯಾರ ಬೆನ್ನಿಗೆ ಬಂದರು ಎಂಬುದನ್ನೂ ಮರೆಯುವುದಿಲ್ಲ.

ಬಲ್ಮಠದ ಓದುಗ:

ಮೇಷ್ಟ್ರೇ, ನಿಮ್ಮ ವಿವರಣೆಗೆ ಕೃತಜ್ಞ. ಆದರೆ ಒಂದು ಮಾತಿಗೆ ನನ್ನ ಆಕ್ಷೇಪವಿದೆ. ಸೈನ್ಯದ ಬೆನ್ನಿಗೆ ಬಂದದ್ದು ಮಿಷನರಿ. ಸಭೆಯನ್ನು ಕಟ್ಟಿದವರು ಬೇರೆಯವರು. ಒಬ್ಬ ಯುರೋಪಿಯನ್ನನು ಎಷ್ಟು ಹಳ್ಳಿ ತಿರುಗಬಲ್ಲ? ಅಸಾಂಟೆ ಹಳ್ಳಿಗಳಲ್ಲಿ ಮರದಡಿ ಶಾಲೆ ತೆರೆದು ಅಕ್ಷರ ಕಲಿಸಿದವರು, ಭಾನುವಾರ ವಾಕ್ಯ ಓದಿದವರು, ಅಕ್ರೊಪಾಂಗಿನ ಸೆಮಿನರಿಯಲ್ಲಿ ತರಬೇತಿ ಪಡೆದ ಆಫ್ರಿಕದ ಉಪದೇಶಿಗಳು ಮತ್ತು ಶಾಲಾಮಾಸ್ತರರು. 1848ರಲ್ಲಿ ತೆರೆದ ಆ ಸೆಮಿನರಿ ನಮ್ಮ ಬಲ್ಮಠದ ಶಾಲೆಗೆ ಹತ್ತಿರದ ಅಣ್ಣತಮ್ಮನೇ ಸರಿ. ನಮ್ಮಲ್ಲೂ ತುಳುನಾಡಿನ ಒಳಹಳ್ಳಿಗಳ ಸಭೆಗಳನ್ನು ಕಟ್ಟಿದ್ದು ಹೆಸರಿಲ್ಲದ ಉಪದೇಶಿಗಳು ತಾನೆ? ಇನ್ನೂ ಒಂದು ಸಂಗತಿ: ರೀಸ್ 1843ರಲ್ಲಿ ವೆಸ್ಟ್ ಇಂಡೀಸಿನ ಜಮೈಕಾ, ಆಂಟಿಗುವಾಗಳಿಂದ ಇಪ್ಪತ್ತಕ್ಕೂ ಹೆಚ್ಚು ಕರಿಯ ಕ್ರೈಸ್ತರನ್ನು ಕುಟುಂಬ ಸಮೇತ ಅಕ್ರೊಪಾಂಗಿಗೆ ಕರೆತಂದಿದ್ದರು. ಗುಲಾಮಗಿರಿಯಲ್ಲಿ ಸಾಗರದಾಚೆಗೆ ಹೋದವರ ಸಂತತಿ ಹಿಂತಿರುಗಿ ಬಂದು ಮಾವು ನೆಟ್ಟು, ಮನೆ ಕಟ್ಟಿ, ಕರಿಯನೂ ಪುಸ್ತಕ ಓದಬಲ್ಲ ಎಂದು ತೋರಿಸಿದ ಮೇಲೆಯೇ ಅಲ್ಲಿ ಸಭೆ ಬೇರುಬಿಟ್ಟಿತು. 1918ರಲ್ಲಿ ಮೊದಲ ಸಿನೋಡ್, ಅಂದರೆ ಸಭೆಯ ಮಹಾಮಂಡಳಿ, ಸೇರಿದಾಗ ಅದರ ಮೊದಲ ಮಾಡರೇಟರ್ (ಅಧ್ಯಕ್ಷ) ಆದ ಪೀಟರ್ ಹಾಲ್, ಕಾರ್ಯದರ್ಶಿಯಾದ ನಿಕೋಲಸ್ ತಿಮೋತಿ ಕ್ಲಾರ್ಕ್, ಇಬ್ಬರೂ ಆ ಜಮೈಕಾದವರ ಮಕ್ಕಳು.

ಕುಮಾಸಿಯಿಂದ ಕನ್ನಡಿಗ:

ನಾನು ಕೆಲಸದ ನಿಮಿತ್ತ ಕೆಲವು ವರ್ಷಗಳಿಂದ ಕುಮಾಸಿಯಲ್ಲಿದ್ದೇನೆ. ನಾನು ಕ್ರೈಸ್ತನಲ್ಲ, ಆದರೆ ಪಕ್ಕದ ಮನೆಯವರು ಪ್ರೆಸ್ಬಿಟೇರಿಯನ್ ಸಭೆಯ ಹಿರಿಯರು, ಅವರ ಕರೆಯ ಮೇರೆಗೆ ಹಲವು ಭಾನುವಾರ ಆರಾಧನೆಗೆ ಹೋಗಿದ್ದೇನೆ. ಇಲ್ಲಿ ಯಾರೂ ಅಷ್ಟುದ್ದದ ಹೆಸರು ಹೇಳುವುದಿಲ್ಲ, ಬರೀ "ಪ್ರೆಸ್ಬಿ" ಎನ್ನುತ್ತಾರೆ. ಸಭಾಪಾಲಕರನ್ನು "ಒಸೊಫೊ" ಎಂದು ಕರೆಯುತ್ತಾರೆ. ಮೊದಲು ಅದು ಊರ ದೇವತೆಗಳ ಪೂಜಾರಿಗೆ ಇದ್ದ ಮಾತು. ಸತ್ಯವೇದದ ದೇವರಿಗೂ ಹೊಸ ಹೆಸರನ್ನು ತರಲಿಲ್ಲ. ಅಸಾಂಟೆಗಳು ಮೊದಲಿನಿಂದ ಕರೆಯುತ್ತಿದ್ದ ಒನ್ಯಾಮೆಯೇ ಅಲ್ಲಿಯೂ ಇದ್ದಾನೆ.

ಅಡುಮ್ ಎಂಬುದು ಪೇಟೆಯ ನಡುಭಾಗ, ನಮ್ಮ ಮಂಗಳೂರಿನ ಹಂಪನಕಟ್ಟೆಯಂತೆ ಸದಾ ಗಿಜಿಗಿಜಿ. ಅಲ್ಲಿ ರಾಮ್‌ಸೆಯರ್ ಸ್ಮಾರಕ ಸಭೆ ಇದೆ. ಬೀದಿಯಲ್ಲಿ ಬಟ್ಟೆ, ಚಪ್ಪಲಿ, ಮೊಬೈಲ್ ಮಾರುವವರ ಕೂಗು ಒಳಗೂ ಕೇಳುತ್ತದೆ. ಸಭೆಯಲ್ಲಿ ಕುಳಿತವರ ಮಾತು ಕೇಳಿದರೆ ಅಸಾಂಟೆ ಟ್ವಿ. ಹಳೆಯ ಕೀರ್ತನೆಗಳ ಭಾಷೆ ಮಾತ್ರ ಅಕ್ರೊಪಾಂಗ್ ಕಡೆಯ ಅಕುಆಪೆಮ್ ಟ್ವಿ. ಪಕ್ಕದ ಮನೆಯ ಹಿರಿಯರನ್ನು ಕೇಳಿದೆ. "ಅದು ದೇವರ ಮನೆಯ ಭಾಷೆ ಎಂದೇ ನಾವು ಚಿಕ್ಕವರಿದ್ದಾಗ ತಿಳಿದಿದ್ದೆವು" ಎಂದರು. ಇದರ ಬಗ್ಗೆ ಮೇಷ್ಟ್ರು ಇನ್ನಷ್ಟು ಹೇಳಬಹುದು.

ಧಾರವಾಡದ ಇತಿಹಾಸ ಮೇಷ್ಟ್ರು:

ಅದರ ಹಿಂದೆ ಇರುವವರು ಯೋಹಾನ್ ಗೊಟ್ಲೀಬ್ ಕ್ರಿಸ್ಟಾಲರ್. ನಮಗೆ ಕಿಟೆಲ್ ಹೇಗೋ ಅವರಿಗೆ ಇವರು ಹಾಗೆ. 1871ರಲ್ಲಿ ಸತ್ಯವೇದ, 1875ರಲ್ಲಿ ವ್ಯಾಕರಣ, 1879ರಲ್ಲಿ 3,600 ಗಾದೆಗಳ ಸಂಗ್ರಹ, 1881ರಲ್ಲಿ ನಿಘಂಟು. ಅವರ ನೆಲೆ ಅಕ್ರೊಪಾಂಗ್ ಆಗಿದ್ದರಿಂದ ಅಕುಆಪೆಮ್ ಒಳನುಡಿಯನ್ನು ಬರವಣಿಗೆಗೆ ಆಧಾರವಾಗಿ ಹಿಡಿದರು. ಹೆಚ್ಚು ಜನ ಆಡುವ ಅಸಾಂಟೆ ಒಳನುಡಿ, ಅಲ್ಲಿ ಬಾಗಿಲು ಮುಚ್ಚಿದ್ದ ಕಾರಣಕ್ಕೇ, ಪುಸ್ತಕದಿಂದ ಹೊರಗುಳಿಯಿತು. ಮಂಗಳೂರು ಸೀಮೆಯವನು ಧಾರವಾಡದ ಕನ್ನಡದಲ್ಲಿ ಪ್ರಾರ್ಥನೆ ಮಾಡಬೇಕಾಗಿ ಬಂದಂತೆ, ಅಸಾಂಟೆಯ ಕ್ರೈಸ್ತರು ನೆರೆಯವರ ನುಡಿಯಲ್ಲಿ ದಶಕಗಟ್ಟಲೆ ವಾಕ್ಯ ಓದಿದರು. ಅಸಾಂಟೆ ಟ್ವಿಯಲ್ಲಿ ಇಡೀ ಸತ್ಯವೇದ ಬಂದದ್ದು 1964ರಲ್ಲಿ, ಕುಮಾಸಿಯ ಠಾಣೆಗೆ ಅರವತ್ತೆಂಟು ವರ್ಷ ತುಂಬಿದ ಮೇಲೆ. ಅಷ್ಟು ಕಾಲ ಜನ ಆ ಸಭೆಯನ್ನು ಕರಾವಳಿಯವರದು, ಅಕುಆಪೆಮ್‌ನವರದು ಎಂದೇ ನೋಡಿದ್ದರೆ ಆಶ್ಚರ್ಯವಿಲ್ಲ. ಕುಮಾಸಿಯ ಸಭೆಯಲ್ಲಿ ಮೊದಲು ಕುಳಿತವರಲ್ಲಿ ದಕ್ಷಿಣದಿಂದ ಬಂದ ಗುಮಾಸ್ತರು, ವ್ಯಾಪಾರಿಗಳು, ಕುಶಲಕರ್ಮಿಗಳು ಬಹಳ ಮಂದಿ. ಸೆಕೊಂಡಿಯಿಂದ ರೈಲು 1903ರಲ್ಲಿ, ಅಕ್ರಾದಿಂದ 1923ರಲ್ಲಿ ಕುಮಾಸಿ ತಲುಪಿತು. ರೈಲಿನ ಜೊತೆಗೆ ಸಭೆಯ ಜನವೂ ಬಂತು.

ಉಡುಪಿಯ ವಕೀಲೆ:

ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ ಅರಸರು, ಮಿಷನರಿಗಳು, ರೈಲು ಎನ್ನುತ್ತಿದ್ದೀರಿ. ಮನೆಯೊಳಗಿನ ಮಾತನ್ನು ಯಾರೂ ಎತ್ತಿಲ್ಲ. ನನ್ನ ದೃಷ್ಟಿಯಲ್ಲಿ ಅಸಾಂಟೆ ನಾಡಿನಲ್ಲಿ ಆ ಸಭೆ ಬೇರೂರಿದ್ದು ಅಲ್ಲಿಯೇ.

ಅಸಾಂಟೆಗಳದು ತಾಯಿಯ ಕಡೆಯ ವಂಶ. ಅವರು "ಅಬುಸುಆ" ಎನ್ನುವುದನ್ನು ನಮ್ಮ ತುಳುನಾಡಿನಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಗಂಡಸು ಸತ್ತರೆ ಅವನ ಆಸ್ತಿ ಹೆಂಡತಿ ಮಕ್ಕಳಿಗಲ್ಲ, ಅವನ ತಾಯಿಯ ಕುಟುಂಬಕ್ಕೆ, ಅಂದರೆ ಒಡಹುಟ್ಟಿದವರಿಗೆ, ಸೋದರಳಿಯನಿಗೆ. ನಮ್ಮ ಅಳಿಯಸಂತಾನವೇ ಅದು. ಭೂಮಿ ಕುಟುಂಬದ್ದಾಗಿ, ಬೆಳೆ ವರ್ಷ ವರ್ಷದ್ದಾಗಿ ಇದ್ದಾಗ ಈ ಕಟ್ಟಳೆಗೆ ತನ್ನದೇ ನ್ಯಾಯವಿತ್ತು. ಹೆಂಡತಿಗೂ ಅವಳ ತಾಯಿಮನೆಯಲ್ಲಿ ಪಾಲಿರುತ್ತಿತ್ತು. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋಕೋ ಅಸಾಂಟೆಯ ಕಾಡುಗಳಿಗೆ ಬಂತು. ಕೋಕೋ ಗಿಡ ಫಸಲು ಕೊಡಲು ಕೆಲವು ವರ್ಷ ಕಾಯಬೇಕು, ಆಮೇಲೆ ದಶಕಗಳ ಕಾಲ ಫಲ ಕೊಡುತ್ತದೆ. ಆ ತೋಟಕ್ಕಾಗಿ ಕಾಡು ಕಡಿದು, ನೆರಳಿಗೆ ಬಾಳೆ ನೆಟ್ಟು, ಕಾಯಿ ಒಡೆದು, ಬೀಜ ಹುಳಿಯಿಟ್ಟು ಒಣಗಿಸಿದವರು ಹೆಂಡತಿ ಮತ್ತು ಮಕ್ಕಳು. ಗಂಡ ಸತ್ತ ದಿನ, ಆ ತೋಟದಲ್ಲಿ ಒಮ್ಮೆಯೂ ಕತ್ತಿ ಹಿಡಿಯದ ಅಳಿಯ ಬಂದು ಹಕ್ಕು ಕೇಳುತ್ತಾನೆ.

ಈ ಪ್ರಶ್ನೆಗೆ ಪ್ರೆಸ್ಬಿಟೇರಿಯನ್ ಸಭೆ ಒಂದು ಬರಹದ ಉತ್ತರ ಕೊಟ್ಟಿತ್ತು. ಸಭೆಯ ನಿಯಮಾವಳಿಯ ಪ್ರಕಾರ, ಉಯಿಲು ಬರೆಯದೆ ಸತ್ತ ಸದಸ್ಯನ ಸ್ವಯಾರ್ಜಿತ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ವಿಧವೆಗೆ, ಮೂರನೆಯ ಒಂದು ಮಕ್ಕಳಿಗೆ, ಮೂರನೆಯ ಒಂದು ಅವನ ತಾಯಿಯ ಕುಟುಂಬಕ್ಕೆ. ಅಬುಸುಆವನ್ನು ತೆಗೆದುಹಾಕಲಿಲ್ಲ, ಅದಕ್ಕೂ ಪಾಲಿಟ್ಟಿತು ಎಂಬುದನ್ನು ಗಮನಿಸಬೇಕು. ಈ ನಿಯಮಕ್ಕೆ ಕೋರ್ಟಿನಲ್ಲಿ ಬಲವಿರಲಿಲ್ಲ. ಕುಟುಂಬದವರು ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ. ಆದರೂ ಸಭೆಯ ಹಿರಿಯರು ಶವಸಂಸ್ಕಾರ ಮುಗಿದ ಮೇಲೆ ಅಬುಸುಆದ ಯಜಮಾನನ ಎದುರು ಕುಳಿತು, ಈ ಹೆಣ್ಣುಮಗಳಿಗೆ ಇಷ್ಟು ಕೊಡಿ ಎಂದು ಕೇಳಲು ಅದರಿಂದ ಒಂದು ಆಧಾರ ಸಿಕ್ಕಿತು. ಘಾನಾ ಸರ್ಕಾರ 1985ರಲ್ಲಿ 111ನೆಯ ಸಂಖ್ಯೆಯ ಉತ್ತರಾಧಿಕಾರ ಕಾನೂನನ್ನು ತಂದು ಮನೆ, ಮನೆಯ ಸಾಮಾನುಗಳನ್ನು ಹೆಂಡತಿ ಮಕ್ಕಳಿಗೇ ಕೊಟ್ಟು, ಮಿಕ್ಕ ಆಸ್ತಿಯಲ್ಲಿ ಹದಿನಾರರಲ್ಲಿ ಒಂಬತ್ತು ಪಾಲು ಮಕ್ಕಳಿಗೆ, ಮೂರು ಪಾಲು ಸಂಗಾತಿಗೆ ಎಂದು ಗೊತ್ತುಮಾಡಿತು. ಆ ದಿಕ್ಕಿನಲ್ಲಿ ಸಭೆ ಎಷ್ಟೋ ಮೊದಲೇ ಹೆಜ್ಜೆ ಇಟ್ಟಿತ್ತು. ನನ್ನ ಅಜ್ಜಿಯ ಕಾಲದ ಬಂಟ, ಬಿಲ್ಲವ ಮನೆಗಳ ಪಾಲು ವ್ಯಾಜ್ಯಗಳ ಕಡತಗಳನ್ನು ನೋಡಿದವಳಾಗಿ ಹೇಳುತ್ತೇನೆ, ಒಂದು ವಿಧವೆಗೆ ತೋಟದ ಮೂರನೆಯ ಒಂದು ಪಾಲು ಸಿಗುವ ಭರವಸೆ ಇದ್ದ ಕಡೆ ಜನ ಹೋಗಿ ಸೇರಿದ್ದರೆ, ಅದನ್ನು ಸ್ವಾರ್ಥ ಎಂದು ಕರೆಯಬಾರದು.

ಧಾರವಾಡದ ಇತಿಹಾಸ ಮೇಷ್ಟ್ರು:

ಮೇಡಂ, ನೀವು ಹೇಳಿದ್ದು ನನ್ನ ಓದಿನಲ್ಲಿದ್ದ ದೊಡ್ಡ ಖಾಲಿ ಜಾಗವನ್ನು ತುಂಬಿತು. ಕೋಕೋ ಮತ್ತು ಸಭೆಯ ನಂಟು ಇನ್ನೂ ಹಿಂದಿನದು: ಘಾನಾದಲ್ಲಿ ಕೋಕೋ ಕೃಷಿಯ ಪಿತಾಮಹ ಎನಿಸಿಕೊಂಡ ಟೆಟೆ ಕ್ವಾಶಿ ಬಾಸೆಲ್ ಮಿಷನ್ನಿನ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತವನು.

ಆದರೆ ಸಭೆ ಮತ್ತು ನಾಡಿನ ನಡುವೆ ಎಲ್ಲವೂ ಸುಗಮವಾಗಿತ್ತು ಎಂದು ಯಾರೂ ತಿಳಿಯಬಾರದು. ಮಿಷನ್ ಹಲವೆಡೆ ಕ್ರೈಸ್ತರನ್ನು ಊರಿನಿಂದ ಬೇರ್ಪಡಿಸಿ "ಸಾಲೆಂ" ಎಂಬ ಪ್ರತ್ಯೇಕ ಕೇರಿಗಳನ್ನು ಕಟ್ಟಿತ್ತು. ಅಲ್ಲಿ ಊರಿನ ನಾಯಕನಿಗಿಂತ ಸಭೆಯ ಹಿರಿಯರ ಮಾತೇ ನಡೆಯುತ್ತಿತ್ತು. ಬಹುಪತ್ನಿಯರಿದ್ದವನಿಗೆ ಕರ್ತನ ಭೋಜನ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚುವ ಸಂಸ್ಕಾರ, ಇರಲಿಲ್ಲ, ಆದ್ದರಿಂದ ಆರಾಧನೆಗೆ ತಪ್ಪದೆ ಬಂದು, ಕಾಣಿಕೆ ಕೊಟ್ಟು, ಆದರೂ ಪೂರ್ಣ ಸದಸ್ಯರಾಗದೆ ಉಳಿದವರ ಸಂಖ್ಯೆ ಹಲವು ಸಭೆಗಳಲ್ಲಿ ದೊಡ್ಡದಿತ್ತು. ಇನ್ನು ಗುರುವಾರದ ಜಗಳ. ಅಸಾಂಟೆಗೆ ಭೂಮಿತಾಯಿ ಅಸಾಸೆ ಯಾ; ಗುರುವಾರ ಅವಳ ದಿನ, ಅಂದು ಹೊಲಕ್ಕೆ ಗುದ್ದಲಿ ಹಾಕುವಂತಿಲ್ಲ. ಕೆಡ್ಡಸದ ದಿನಗಳಲ್ಲಿ ತುಳುವರು ನೆಲ ಅಗೆಯದಿರುವುದನ್ನು ಕಂಡ ನಮಗೆ ಇದು ಹೊಸದಲ್ಲ. ಕ್ರೈಸ್ತರು ನಮ್ಮ ವಿಶ್ರಾಂತಿ ದಿನ ಭಾನುವಾರ, ಗುರುವಾರ ನಾವು ದುಡಿಯುತ್ತೇವೆ ಎಂದರು. ನಾಯಕರು ನೆಲ ಎಲ್ಲರದೂ, ಅದು ಮುನಿದರೆ ಮಳೆ ಹೋಗುವುದು ನಿಮ್ಮೊಬ್ಬರಿಗಲ್ಲ ಎಂದರು. ನಾಯಕರ ನ್ಯಾಯಸ್ಥಾನದಲ್ಲಿ ದಂಡಗಳು ಬಿದ್ದವು. 1935ರಲ್ಲಿ ಅಸಾಂಟೆ ಒಕ್ಕೂಟ ಮರುಸ್ಥಾಪನೆಯಾದ ಮೇಲೆ ವಿಷಯ ಅಸಾಂಟೆಹೆನೆ, ಅಂದರೆ ಅಸಾಂಟೆ ಅರಸ, ಎರಡನೆಯ ಪ್ರೆಂಪೆಯವರ ಮಂಡಳಿಗೂ ಹೋಯಿತು. ಇಲ್ಲಿ ಎರಡೂ ಕಡೆಯ ಮಾತಿನಲ್ಲಿ ತೂಕವಿತ್ತು ಎಂದು ನನಗನಿಸುತ್ತದೆ. ಸಭೆಯವರು ನೆಲವನ್ನು ಆರಾಧಿಸಲಾರೆವು ಎಂದದ್ದು ಸರಿ, ಒಂದು ದಿನ ನೆಲವನ್ನು ಮುಟ್ಟದೆ ಬಿಟ್ಟರೆ ಆರಾಧನೆಯಾಗುತ್ತದೆ ಎಂದು ಹಟ ಹಿಡಿದದ್ದು ಅತಿಯಾಯಿತು.

ನರ್ಸ್ ಆಗಿದ್ದ ಓದುಗರು:

ಒಂದು ಸಣ್ಣ ಸೇರ್ಪಡೆ. ಆಗೊಗೊ ಆಸ್ಪತ್ರೆಯ ಹೆಸರು ಬರಲಿಲ್ಲ. ಕುಮಾಸಿಯ ಪೂರ್ವಕ್ಕೆ ಅಸಾಂಟೆ ಆಕ್ಯೆಮ್ ಸೀಮೆಯಲ್ಲಿರುವ ಆ ಆಸ್ಪತ್ರೆಯನ್ನು ಬಾಸೆಲ್ ಮಿಷನ್ 1931ರಲ್ಲಿ ತೆರೆಯಿತು. ಅದೇ ವರ್ಷ ಅದೇ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ಶುರುಮಾಡಿತು. ಮಲೇರಿಯಾ ಲಸಿಕೆಯ ಕೊನೆಯ ಹಂತದ ಪರೀಕ್ಷೆ ಆಫ್ರಿಕದ ಹನ್ನೊಂದು ಕೇಂದ್ರಗಳಲ್ಲಿ ನಡೆದಾಗ ಆಗೊಗೊ ಅವುಗಳಲ್ಲೊಂದು. 1828ರಲ್ಲಿ ಬಂದ ಆ ನಾಲ್ವರನ್ನು ಜ್ವರ ತೆಗೆದುಕೊಂಡು ಹೋಗಿದ್ದನ್ನು ಮೇಲೆ ಓದಿದ ಮೇಲೆ ಇದನ್ನು ಹೇಳದಿರಲು ಮನಸ್ಸಾಗಲಿಲ್ಲ.

ಬಲ್ಮಠದ ಓದುಗ:

ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಮ್ಮ. ಮೊದಲ ಮಹಾಯುದ್ಧದ ಪೆಟ್ಟು ಎರಡೂ ಕಡೆ ಒಟ್ಟಿಗೇ ಬಿತ್ತು ಎಂಬುದನ್ನೂ ಸೇರಿಸಬೇಕು. ಬಾಸೆಲ್ ಮಿಷನ್ನಿನಲ್ಲಿ ಜರ್ಮನರು ಬಹಳ ಮಂದಿ ಇದ್ದುದರಿಂದ ಬ್ರಿಟಿಷ್ ಸರ್ಕಾರ ಇಲ್ಲಿಯೂ ಅಲ್ಲಿಯೂ ಅವರನ್ನು ಕೆಲಸದಿಂದ ತೆಗೆಯಿತು. ಗೋಲ್ಡ್ ಕೋಸ್ಟಿನಿಂದ 1917ರ ಕೊನೆಗೆ ಅವರನ್ನು ಹೊರಹಾಕಿತು. ಮಿಷನ್ನಿನ ವ್ಯಾಪಾರ ಮತ್ತು ಕಾರ್ಖಾನೆಗಳನ್ನು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಒಂದೇ ಸಂಸ್ಥೆಗೆ ವಹಿಸಲಾಯಿತು. ನಮ್ಮ ಹೆಂಚಿನ ಕಾರ್ಖಾನೆಗಳೂ ಅವರ ಕೋಕೋ ಮಳಿಗೆಗಳೂ ಕೆಲಕಾಲ ಒಬ್ಬರೇ ಧಣಿಯ ಕೆಳಗಿದ್ದವು. ಅಲ್ಲಿ ಸಭೆಗಳ ಹೊಣೆಯನ್ನು ಸ್ಕಾಟ್ಲೆಂಡಿನ ಮಿಷನ್ ವಹಿಸಿಕೊಂಡಿತು, ಪ್ರೆಸ್ಬಿಟೇರಿಯನ್ ಎಂಬ ಹೆಸರು ಗಟ್ಟಿಯಾದದ್ದು ಅವರಿಂದ. ಆದರೆ ಸ್ಕಾಟ್ಲೆಂಡಿನಿಂದ ಬಂದವರು ಬೆರಳೆಣಿಕೆಯಷ್ಟು. ಉಳಿದ ಕೆಲಸವೆಲ್ಲ ಆಫ್ರಿಕದ ಸಭಾಪಾಲಕರ ಮತ್ತು ಹಿರಿಯರ ಮೇಲೆ ಬಿತ್ತು, ಅವರು ಅದನ್ನು ಹೊತ್ತರು. ಬಾಸೆಲಿನವರು 1920ರ ದಶಕದಲ್ಲಿ ಹಿಂತಿರುಗಿದಾಗ ಅವರ ಎದುರು ಇದ್ದದ್ದು ತನ್ನ ಕಾಲ ಮೇಲೆ ನಿಂತ ಸಭೆ. 1950ರಲ್ಲಿ ಅದು ಪೂರ್ಣ ಸ್ವತಂತ್ರವಾಯಿತು, 1957ರಲ್ಲಿ ದೇಶದ ಜೊತೆಗೆ ಘಾನಾದ ಹೆಸರನ್ನೂ ಪಡೆಯಿತು. ನಮ್ಮಲ್ಲಿ ದಕ್ಷಿಣ ಕನ್ನಡದ ಬಾಸೆಲ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿಹೋದವು; ಅಲ್ಲಿ ಅಂಥ ಐಕ್ಯ ಆಗಲಿಲ್ಲ. ಅಸಾಂಟೆ ಸೀಮೆಯ ಸಭೆಗಳಿಗೆ ಕುಮಾಸಿಯಲ್ಲಿ ತನ್ನದೇ ಪ್ರೆಸ್ಬಿಟರಿ, ಅಂದರೆ ಸಭಾಪಾಲಕರೂ ಹಿರಿಯರೂ ಸಮನಾಗಿ ಕೂರುವ ಪ್ರಾಂತೀಯ ಮಂಡಳಿ ಇದೆ. ಸಭೆಗಳು ಹೆಚ್ಚಿದಂತೆ ಅಸಾಂಟೆ ಆಕ್ಯೆಮ್, ಸೆಚೆರೆ ಸೀಮೆಗಳು ಬೇರೆ ಪ್ರೆಸ್ಬಿಟರಿಗಳಾದವು.

ಕುಮಾಸಿಯಿಂದ ಕನ್ನಡಿಗ:

ಗುರುವಾರದ ವಿಷಯ ಬಂದದ್ದರಿಂದ ನಾನು ಕಂಡದ್ದನ್ನು ಬರೆಯುತ್ತೇನೆ. ಇಲ್ಲಿ ಮಗುವಿಗೆ ಹುಟ್ಟಿದ ವಾರದ ಹೆಸರು ತಾನಾಗಿ ಬರುತ್ತದೆ. ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರದ ಹೆಣ್ಣು ಅಮಾ, ಗುರುವಾರದ ಗಂಡು ಯಾವ್, ಹೆಣ್ಣು ಯಾ. ದೀಕ್ಷಾಸ್ನಾನದಲ್ಲಿ ಬೇರೆ ಹೆಸರು ಇಟ್ಟರೂ ಮನೆಯಲ್ಲಿ ಇದೇ ಉಳಿಯುತ್ತದೆ. ಕಾಣಿಕೆಯ ಹೊತ್ತಿಗೆ ಕೆಲವು ಭಾನುವಾರ ಒಂದೊಂದು ವಾರದವರನ್ನು ಸರದಿಯಲ್ಲಿ ಕರೆಯುತ್ತಾರೆ. ಭಾನುವಾರದವರು ಎದ್ದು ಹೋಗಿ ಹಾಕಿ ಬರುತ್ತಾರೆ, ಸೋಮವಾರದವರು ಹೋಗುತ್ತಾರೆ. ಕೊನೆಗೆ ಯಾವ ವಾರದವರು ಹೆಚ್ಚು ಕೊಟ್ಟರು ಎಂದು ಎಣಿಸಿ ಹೇಳುತ್ತಾರೆ, ಸೋತವರು ಮುಂದಿನ ಸಲಕ್ಕೆ ಪಟ್ಟು ಹಿಡಿಯುತ್ತಾರೆ. ಒಂದು ಕಾಲಕ್ಕೆ ಸಭೆಯೊಳಗೆ ಬಿಡದಿದ್ದ ಡೋಲುಗಳು ಈಗ ಬಲಿಪೀಠದ ಪಕ್ಕದಲ್ಲೇ ಇವೆ. ಒಂದು ಕೀರ್ತನೆ ಆರ್ಗನ್ನಿನಲ್ಲಿ, ಮುಂದಿನದು ಡೋಲಿನಲ್ಲಿ.

ಕಳೆದ ಸುಗ್ಗಿ ಹಬ್ಬದಂದು ಪಕ್ಕದ ಮನೆಯ ಅಜ್ಜಿ ನನ್ನ ಪಕ್ಕ ಕುಳಿತಿದ್ದರು. ಅವರ ಹೆಸರು ಯಾ. ಗುರುವಾರದವರ ಸರದಿ ಬಂದಾಗ ಅವರು ಬಿಳಿ ಬಟ್ಟೆಯ ಸೆರಗನ್ನು ಸರಿಪಡಿಸಿಕೊಂಡು, ಕೈಯಲ್ಲಿದ್ದ ಬಿಳಿ ಕರವಸ್ತ್ರವನ್ನು ಮೇಲೆ ಬೀಸುತ್ತಾ, ಡೋಲಿನ ಗತ್ತಿಗೆ ಮೆಲ್ಲಗೆ ಹೆಜ್ಜೆ ಹಾಕಿಕೊಂಡು ಮುಂದೆ ನಡೆದರು. ಹಿಂತಿರುಗಿ ಬಂದು ಕುಳಿತ ಮೇಲೆ, ಚಿಕ್ಕವಳಿದ್ದಾಗ ಗುರುವಾರ ಹೊಲಕ್ಕೆ ಹೋಗುತ್ತಿದ್ದಿರಾ ಎಂದು ಕೇಳಿದೆ. ಅಪ್ಪ ಸಭೆಯ ಹಿರಿಯರಾಗಿದ್ದರಂತೆ, ಅವರು ಹೋಗುತ್ತಿದ್ದರಂತೆ. ಅಮ್ಮ ಮಾತ್ರ ಆ ದಿನ ಮನೆಯಲ್ಲೇ ಉಳಿದು ಸಭೆಯ ಬಟ್ಟೆ ಒಗೆಯುತ್ತಿದ್ದರು ಎಂದು ಅಜ್ಜಿ ಹೇಳಿದರು.